ಲುವೊಪಿಂಗ್‌ನ ಹಳದಿ ಹೊಲಗಳಿಗೆ ಯಾವಾಗ ಹೋಗಬೇಕು, ಎಷ್ಟು ದಿನ ಇರಬೇಕು?

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 54. ಮಳೆಗಾಲ ಶುರುವಾದರೆ ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹೊಲ ನೋಡೋಕೆ ಹೋಗೋದು ನನ್ನ ರೂಢಿ. ಚೀನಾದಲ್ಲಿ ಕಲ್ಲುಗುಡ್ಡಗಳ ನಡುವೆ ಕಣ್ಣು ಹರಿಯುವಷ್ಟು ದೂರ ಹಳದಿ ಹೂವಿನ ಹೊಲ ಇರುವ ಫೋಟೊ ಒಂದನ್ನು ನೋಡಿದೆ. 2027ರಲ್ಲಿ ನಾನು ಮತ್ತು 63 ವರ್ಷದ ನನ್ನ ಅಕ್ಕ, ಇಬ್ಬರೇ ಹೋಗಿಬರಬಹುದಾ? ಅಕ್ಕನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಚೀನೀ ಭಾಷೆ ಬರೋದಿಲ್ಲ. ಹತ್ತು ದಿನ ರಜೆ ಸಿಗುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ಹೂವಿನ ಊರು ನೋಡುವ ಆಸೆ.

ಉತ್ತರ: ಹೋಗಿಬರಬಹುದು, ಧೈರ್ಯವಾಗಿ ಹೋಗಿ. ಆದರೆ ಮೂರು ನಾಲ್ಕು ಊರಿನ ಆಸೆಯನ್ನು ಮೊದಲು ಬಿಡಿ. ಒಂದು ಊರು ಆರಿಸಿಕೊಂಡು ಅಲ್ಲಿ ಕನಿಷ್ಠ ನಾಲ್ಕು ರಾತ್ರಿ ಇರಿ. ಇಷ್ಟು ಖಂಡಿತವಾಗಿ ಹೇಳೋದಕ್ಕೆ ಕಾರಣ ಎರಡು: ಒಂದು ಆ ಬೆಳೆ, ಇನ್ನೊಂದು ಅಲ್ಲಿಯ ಮೋಡ.

ನೀವು ಹೇಳಿದ್ದು ನೋಡಿದರೆ ಆ ಫೋಟೊ ಲುವೊಪಿಂಗ್‌ನದ್ದೇ ಇರಬೇಕು. ನೈಋತ್ಯ ಚೀನಾದ ಯುನ್ನಾನ್ ಪ್ರಾಂತ್ಯದ ಪೂರ್ವದ ಅಂಚಿನಲ್ಲಿ, ಗ್ವಿಝೌ ಮತ್ತು ಗ್ವಾಂಗ್‌ಶಿ ಗಡಿಗೆ ಅಂಟಿಕೊಂಡಿರುವ ಕೌಂಟಿ ಅದು. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಪ್ರಾಂತ್ಯದ ರಾಜಧಾನಿ ಕುನ್ಮಿಂಗ್‌ನಿಂದ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರ. ಬಯಲಿನ ತುಂಬ ಹೊಲ, ಹೊಲದ ನಡುವೆ ಅಲ್ಲಲ್ಲಿ ಸುಣ್ಣಕಲ್ಲಿನ ಗುಡ್ಡಗಳು. ಕಣದಲ್ಲಿ ಸುರಿದ ರಾಗಿ ರಾಶಿಗಳ ಹಾಗೆ ಒಂದೊಂದೂ ಬೇರೆ ಬೇರೆ ನಿಂತಿರುತ್ತವೆ. ಲಕ್ಷಾಂತರ ವರ್ಷ ಮಳೆನೀರು ಕಲ್ಲನ್ನು ಕರಗಿಸುತ್ತಾ ಬಂದು, ಕರಗದೆ ಉಳಿದದ್ದು ಈ ರಾಶಿಗಳು. ಚೀನಾದ ಹೆಸರಾಂತ ಪ್ರವಾಸಿ ಶೂ ಶಿಯಾಕೆ 1638ರಲ್ಲಿ ಈ ಸೀಮೆಯಲ್ಲಿ ಓಡಾಡಿ, ಇಲ್ಲಿಯ ಕಲ್ಲುಶಿಖರಗಳ ಬಗ್ಗೆ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆದರೆ ನೀವು ನೋಡಲಿರುವ ಈ ಹೊಲಗಳು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬೆಳೆಯುವ ತಳಿ ಚೀನಾಕ್ಕೆ ಬಂದದ್ದೇ 20ನೇ ಶತಮಾನದಲ್ಲಿ.

ಅದು ಯಾವ ಬೆಳೆ? ನೋಡಿದವರೆಲ್ಲ ಸಾಸಿವೆ ಅನ್ನುತ್ತಾರೆ. ಸಾಸಿವೆ ಅಲ್ಲ, ಸಾಸಿವೆಯ ಹತ್ತಿರದ ನೆಂಟ. ನಾವು ರೇಪ್‌ಸೀಡ್ ಅನ್ನುತ್ತೇವೆ. ಅಂಗಡಿಯಲ್ಲಿ ಸಿಗುವ ಕ್ಯಾನೋಲಾ ಎಣ್ಣೆ ಕೂಡ ಇದೇ ಜಾತಿಯ ಗಿಡದ್ದು. ಚೀನೀಯರು ಯೋವ್‌ತ್ಸಾಯ್ ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ಅರ್ಥ ಮಾಡಿದರೆ 'ಎಣ್ಣೆ ಸೊಪ್ಪು'. ಹೆಸರು ಎಷ್ಟು ಸರಿಯಾಗಿದೆ ನೋಡಿ. ಎಳೆಯ ದಂಟನ್ನು ಬಾಡಿಸಿ ತಿನ್ನುತ್ತಾರೆ, ಬಲಿತ ಕಾಳನ್ನು ಗಾಣಕ್ಕೆ ಹಾಕುತ್ತಾರೆ. ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಎಣ್ಣೆ.

ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಲುವೊಪಿಂಗ್‌ನ ಹಳದಿ ಯಾರೋ ಪ್ರವಾಸಿಗರಿಗಾಗಿ ನೆಟ್ಟ ತೋಟ ಅಲ್ಲ. ಅದು ಹಿಂಗಾರು ಬೆಳೆ. ಮಳೆಗಾಲದ ಜೋಳ, ಹೊಗೆಸೊಪ್ಪು ಎದ್ದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಚಳಿಗಾಲವೆಲ್ಲ ಗಿಡ ನೆಲಕ್ಕೆ ಅಂಟಿಕೊಂಡು ಸೊಪ್ಪಾಗಿಯೇ ಇರುತ್ತದೆ. ಆ ಚಳಿ ಅದಕ್ಕೆ ಬೇಕೇ ಬೇಕು. ಕೆಲವು ವಾರ ಥಂಡಿ ತಿಂದ ಮೇಲೇ ಅದು ಹೂವಿನ ದಂಟು ಎತ್ತೋದು. ಫೆಬ್ರವರಿಯಲ್ಲಿ ಬಿಸಿಲು ಏರಿದ ಹಾಗೆ ಅರಳುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಕೊಯ್ಲು. ಆಮೇಲೆ ಅದೇ ಹೊಲದಲ್ಲಿ ಮತ್ತೆ ಮಳೆಗಾಲದ ಬೆಳೆ. ಅಂದಹಾಗೆ, ಲುವೊಪಿಂಗ್‌ನ ಇನ್ನೊಂದು ಹೆಮ್ಮೆ ಶುಂಠಿ. ಸಣ್ಣ ಗಾತ್ರದ, ಖಾರ ಜಾಸ್ತಿ ಇರುವ ಹಳದಿ ಶುಂಠಿ ಅಲ್ಲಿಯದು, ಚೀನಾದಲ್ಲೆಲ್ಲ ಹೆಸರುವಾಸಿ. ನಿಮ್ಮ ಪರಿಚಯದಲ್ಲಿ ಹಾಸನ, ಕೊಡಗಿನ ಕಡೆ ಶುಂಠಿ ಹಾಕುವವರಿದ್ದರೆ ಅವರಿಗೆ ತೋರಿಸೋಕೆ ಸಂತೆಯಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಬೆಳೆ ಅಂದ ಮೇಲೆ ಅದು ಕ್ಯಾಲೆಂಡರ್ ಮಾತು ಕೇಳೋದಿಲ್ಲ. ಒಂದು ವರ್ಷ ಚಳಿ ಜಾಸ್ತಿ ಆದರೆ ಹತ್ತು ದಿನ ತಡ, ಬಿಸಿಲು ಬೇಗ ಬಂದರೆ ಹತ್ತು ದಿನ ಮುಂಚೆ. ಒಂದು ಹೊಲ ಚೆನ್ನಾಗಿ ಹಳದಿ ಕಾಣೋದು ಸುಮಾರು 25ರಿಂದ 30 ದಿನ. ಹೂವು ದಂಟಿನ ಕೆಳಗಿನಿಂದ ಅರಳುತ್ತಾ ಮೇಲಕ್ಕೆ ಹೋಗುತ್ತದೆ. ಕೆಳಗೆ ಕಾಯಿ ಕಟ್ಟುತ್ತಿರುವಾಗ ತುದಿಯಲ್ಲಿ ಇನ್ನೂ ಮೊಗ್ಗು ಇರುತ್ತದೆ. ಹೋಗುವ ಮುಂಚೆ ಯಾರಾದರೂ ಅಲ್ಲಿಂದ ಹೊಸ ಫೋಟೊ ಕಳಿಸಿದರೆ ದಂಟಿನ ಬುಡ ನೋಡಿ. ಬೆರಳುದ್ದದ ಹಸಿರು ಕಾಯಿ ತುಂಬ ಇದ್ದರೆ ಹೂವು ಇಳಿಮುಖ ಅಂತ ಅರ್ಥ. ದೂರದಿಂದ ನೋಡಿದಾಗ ಆ ಹೊಲ ಹಳದಿ ಅಲ್ಲ, ಮಾಸಿದ ಹಸಿರು ಕಾಣುತ್ತದೆ.

ಲುವೊಪಿಂಗ್‌ಗೆ ಸಾಮಾನ್ಯವಾಗಿ ಒಳ್ಳೆಯ ಕಾಲ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನ ತನಕ. 2027ರಲ್ಲಿ ಚೀನೀ ಹೊಸ ವರ್ಷ ಫೆಬ್ರವರಿ 6ಕ್ಕೆ ಬೀಳುತ್ತದೆ. ಆ ವಾರ, ಅದರ ಹಿಂದು ಮುಂದಿನ ದಿನಗಳು ಖಂಡಿತ ಬೇಡ. ಇಡೀ ದೇಶ ಊರಿಗೆ ಹೋಗಿ ವಾಪಸ್ ಬರುವ ಹೊತ್ತು ಅದು. ರೈಲಿನಲ್ಲಿ ಜಾಗ ಸಿಗೋದಿಲ್ಲ, ಹೋಟೆಲ್ ದರ ಏರಿರುತ್ತದೆ. ಹದಿನೈದನೇ ದಿನದ ದೀಪದ ಹಬ್ಬ ಫೆಬ್ರವರಿ 20. ಅದು ಮುಗಿದ ಮೇಲೆ ಜನ ಕಡಿಮೆ ಆಗುತ್ತಾರೆ. ನಾನು ನಿಮ್ಮ ಜಾಗದಲ್ಲಿದ್ದರೆ ಫೆಬ್ರವರಿ 23ರ ಹೊತ್ತಿಗೆ ಅಲ್ಲಿರುತ್ತಿದ್ದೆ. ಶನಿವಾರ, ಭಾನುವಾರ ಲುವೊಪಿಂಗ್‌ನಲ್ಲಿ ಇಲ್ಲದ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಈಗ ಮೋಡದ ವಿಷಯ. ಇದನ್ನು ಯಾವ ಟೂರ್‌ನವರೂ ಹೇಳೋದಿಲ್ಲ. ಚಳಿಗಾಲದಲ್ಲಿ, ವಸಂತದ ಶುರುವಿನಲ್ಲಿ ಉತ್ತರದಿಂದ ತಣ್ಣನೆಯ ಗಾಳಿ ಬಂದು ಯುನ್ನಾನ್ ಪ್ರಸ್ಥಭೂಮಿಗೆ ಡಿಕ್ಕಿ ಹೊಡೆಯುತ್ತದೆ. ನೈಋತ್ಯದಿಂದ ಬರುವ ಬೆಚ್ಚಗಿನ ಒಣಗಾಳಿ ಅದನ್ನು ಮುಂದಕ್ಕೆ ಬಿಡೋದಿಲ್ಲ. ಎರಡೂ ಅಲ್ಲೇ ಹಠ ಹಿಡಿದು ನಿಲ್ಲುತ್ತವೆ. ಎರಡು ಗಾಳಿ ಎದುರಾಗಿ ನಿಲ್ಲುವ ಈ ಗೆರೆಗೆ ಹವಾಮಾನದವರು ಕುನ್ಮಿಂಗ್ ಸ್ಥಾಯಿ ಮುಖ ಅನ್ನುವ ಅರ್ಥದ ಹೆಸರೇ ಇಟ್ಟಿದ್ದಾರೆ. ಆ ಗೆರೆಯ ಪಶ್ಚಿಮಕ್ಕೆ ಕುನ್ಮಿಂಗ್‌ನಲ್ಲಿ ನೀಲಿ ಆಕಾಶ, ಎಳೆ ಬಿಸಿಲು. ಪೂರ್ವಕ್ಕೆ ಬೂದು ಮೋಡ, ಜಿನುಗು ಮಳೆ, ಮೂಳೆ ಕೊರೆಯುವ ಚಳಿ. ಲುವೊಪಿಂಗ್ ಇರೋದು ಆ ಪೂರ್ವದ ಕಡೆ. ಕುನ್ಮಿಂಗ್‌ನಲ್ಲಿ ಸ್ವೆಟರ್ ಬಿಚ್ಚಿಟ್ಟು ಹೊರಟವರು ಮೂರು ಗಂಟೆಯಲ್ಲಿ ನಡುಗುತ್ತಾ ಇಳಿಯುತ್ತಾರೆ.

ನಾನು ಮೊದಲ ಸಲ ಹೋದಾಗ ಎರಡು ದಿನಕ್ಕೆ ಅಂತ ಹೋಗಿದ್ದೆ. ಎರಡೂ ದಿನ ಮಂಜು. ಹತ್ತು ಮಾರು ಆಚೆಗಿನ ಹೂವೂ ಕಾಣಲಿಲ್ಲ. ಮನೆಗೆ ಹೋಗೋಣ ಅಂತ ಗಂಟು ಕಟ್ಟಿದ್ದೆ. ಉಳಿದುಕೊಂಡಿದ್ದ ಮನೆಯ ಅಜ್ಜಿ ಕೈ ಹಿಡಿದು ಕೂರಿಸಿ, ನಾಳೆ, ನಾಳೆ ಅಂತ ಸನ್ನೆ ಮಾಡಿ ತೋರಿಸಿದರು. ಮೂರನೇ ದಿನ ಬೆಳಿಗ್ಗೆ ಮಂಜು ಸೊಂಟದ ಮಟ್ಟಕ್ಕೆ ಇಳಿಯಿತು. ಮೇಲೆ ಗುಡ್ಡಗಳ ತಲೆಗಳು ಮಾತ್ರ, ಕೆಳಗೆ ಹಾಲು ಚೆಲ್ಲಿದ ಹಾಗೆ ಮಂಜು. ಮಂಜು ಹರಿದ ಕಡೆಯಲ್ಲೆಲ್ಲ ಹಳದಿ. ಅಷ್ಟು ಹೊತ್ತೂ ಜೇನಿನ ಸದ್ದು ಮಾತ್ರ ಕೇಳುತ್ತಿತ್ತು. ನಾಲ್ಕು ರಾತ್ರಿ ಇರಿ ಅಂತ ನಾನು ಹಠ ಮಾಡೋದು ಇದಕ್ಕೇ. ಬಂದ ದಿನವೇ ಬಿಸಿಲು ಸಿಕ್ಕರೆ ಉಳಿದ ಮೂರು ದಿನ ನಿಮ್ಮ ಪಾಲಿನ ಲಾಭ.

ಇರುವ ನಾಲ್ಕು ದಿನದಲ್ಲಿ ಏನು ನೋಡಬೇಕು? ಜಿನ್‌ಜಿ ಶಿಖರಗಳು ಎಲ್ಲರಿಗೂ ಗೊತ್ತು. ಹೆಸರಿನ ಅರ್ಥ ಬಂಗಾರದ ಹುಂಜ. ಊರಿನ ಹತ್ತಿರವೇ ಇದೆ. ನಿಮ್ಮ ಫೋಟೊದಲ್ಲಿರುವ ನೋಟ ಇಲ್ಲಿಯದೇ. ಮೇಲಿನಿಂದ ನೋಡೋಕೆ ಚಿಕ್ಕ ಗುಡ್ಡ ಹತ್ತಬೇಕು, ಮೆಟ್ಟಿಲು ಇದೆ. ನಿಮ್ಮ ಅಕ್ಕ ಹತ್ತೋದು ಬೇಡ. ಕೆಳಗೆ ಹೊಲದ ನಡುವೆ ಎತ್ತಿನ ಗಾಡಿಗಳು ಓಡುತ್ತವೆ. ಅದರಲ್ಲಿ ಕೂತು ನಿಧಾನವಾಗಿ ಒಂದು ಸುತ್ತು ಹೋಗಿಬರಲಿ. ಗಾಡಿಯ ಮೇಲೆ ಕೂತವರ ಎದೆಮಟ್ಟಕ್ಕೆ ಹೂವು ಬರುತ್ತದೆ. ನಿಜ ಹೇಳಬೇಕೆಂದರೆ ಗುಡ್ಡದ ಮೇಲಿನ ನೋಟಕ್ಕಿಂತ ನನಗೆ ಅದೇ ಹೆಚ್ಚು ಇಷ್ಟ. ಮೇಲಿನಿಂದ ಬಣ್ಣ ಕಾಣುತ್ತದೆ, ಹೊಲದ ಒಳಗೆ ವಾಸನೆ ಸಿಗುತ್ತದೆ. ಆ ವಾಸನೆ ಮಲ್ಲಿಗೆಯ ಹಾಗೆ ಹಿತವಾಗಿರುತ್ತದೆ ಅಂದುಕೊಳ್ಳಬೇಡಿ. ಗಾಢವಾಗಿ, ಸಿಹಿಯಾಗಿ, ಒಳಗೊಳಗೇ ಎಲೆಕೋಸಿನ ಘಾಟು. ಪರಾಗದಿಂದ ಸೀನು, ಉಬ್ಬಸ ಬರುವವರು ಮಾಸ್ಕ್, ಮಾತ್ರೆ ಎರಡೂ ಇಟ್ಟುಕೊಳ್ಳಬೇಕು.

ಇಡೀ ಚೀನಾಕ್ಕೆ ಒಂದೇ ಗಡಿಯಾರ, ಬೀಜಿಂಗ್ ಸಮಯ. ನಮಗಿಂತ ಎರಡೂವರೆ ಗಂಟೆ ಮುಂದೆ. ಯುನ್ನಾನ್ ಇರೋದು ತುಂಬ ಪಶ್ಚಿಮಕ್ಕೆ. ಹಾಗಾಗಿ ಫೆಬ್ರವರಿ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟೋದು ಏಳೂವರೆ ಹೊತ್ತಿಗೆ. ಸೂರ್ಯೋದಯ ನೋಡೋಕೆ ನಡುರಾತ್ರಿ ಏಳಬೇಕಿಲ್ಲ. ಏಳು ಗಂಟೆಗೆ ಹೊಲದಲ್ಲಿದ್ದರೆ ಸಾಕು.

ಇನ್ನೊಂದು ಜಾಗ ನಿಯುಜಿಯೆ. ಊರಿನಿಂದ ಕಾರಿನಲ್ಲಿ ಅರ್ಧ ಗಂಟೆ ಸುಮಾರು. ಇಲ್ಲಿಯ ಹೊಲಗಳಿಗೆ ಬಸವನಹುಳುವಿನ ಹೊಲ ಅಂತ ಹೆಸರು. ಯಾಕೆ ಅನ್ನೋದು ಮೇಲೆ ನಿಂತು ನೋಡಿದ ಕೂಡಲೇ ಗೊತ್ತಾಗುತ್ತದೆ. ಒಳಗಿನ ಸುಣ್ಣಕಲ್ಲು ಕರಗಿ ನೆಲ ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗಾಗಿದೆ. ರೈತರು ಆ ತಗ್ಗಿನ ಅಂಚು ಹಿಡಿದುಕೊಂಡು ಸುತ್ತ ಸುತ್ತ ಉತ್ತು, ಬದು ಹಾಕಿ, ಬಿತ್ತಿದ್ದಾರೆ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗಬಾರದು ಅಂತ ಮಾಡಿದ ಕೆಲಸ ಅದು. ಅದು ಹೂಬಿಟ್ಟಾಗ ಹಳದಿ ರಂಗೋಲಿ ಸುತ್ತಿಕೊಂಡು ಕೂತ ಹಾಗೆ ಕಾಣುತ್ತದೆ. ಜಿನ್‌ಜಿಯಲ್ಲಿ ಜನ ಜಾಸ್ತಿ ಇದ್ದರೆ ಇಲ್ಲಿಗೆ ಬನ್ನಿ, ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಕೊಡಿ. ಬಿಸಿಲು ಓರೆಯಾದ ಹಾಗೆ ಬದುಗಳ ನೆರಳು ಎದ್ದು ಬಂದು ಸುರುಳಿ ಸ್ಪಷ್ಟವಾಗುತ್ತದೆ.

ಜ್ಯೂಲೊಂಗ್ ಜಲಪಾತಗಳನ್ನು ಎಲ್ಲರೂ ಪಟ್ಟಿಗೆ ಸೇರಿಸುತ್ತಾರೆ. ಹೂವಿನ ಕಾಲ ಅಲ್ಲಿ ನೀರು ಕಡಿಮೆ ಇರುವ ಕಾಲ. ನಡೆಯೋದೂ ಜಾಸ್ತಿ. ಜೋಗ ನೋಡಿದವರಿಗೆ ಆ ದಿನಗಳಲ್ಲಿ ಅದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದರ ಬದಲು ದುವೊಯಿ ನದಿಯ ಕಡೆ ಹೋಗಿ. ಅಲ್ಲಿ ಬೂಯಿ ಜನಾಂಗದ ಹಳ್ಳಿಗಳಿವೆ. ನದಿಯಲ್ಲಿ ಮರದ ನೀರುಚಕ್ರಗಳು, ಸುಣ್ಣ ಕಟ್ಟಿಕೊಂಡು ತಾನಾಗೇ ಆದ ಅಡ್ಡಗಟ್ಟೆಗಳು. ಜಾಗ ಸ್ವಲ್ಪ ತಗ್ಗು, ಹಾಗಾಗಿ ಚಳಿಯೂ ಕಡಿಮೆ. ಬೂಯಿ ಮನೆಗಳಲ್ಲಿ ಐದು ಬಣ್ಣದ ಅಂಟಕ್ಕಿ ಅನ್ನ ಮಾಡುತ್ತಾರೆ. ಹಳದಿ, ನೇರಳೆ, ಕಪ್ಪು, ಎಲ್ಲಾ ಬಣ್ಣವೂ ಹೂವು, ಸೊಪ್ಪಿನ ರಸದ್ದು. ಅವರ ಮೂರನೇ ತಿಂಗಳ ಮೂರನೇ ದಿನದ ಹಬ್ಬಕ್ಕೆ ಅದು ಇರಲೇಬೇಕು. ಹೂವಿನ ಕಾಲದಲ್ಲಿ ಪ್ರವಾಸಿಗರಿಗೂ ಮಾರುತ್ತಾರೆ. ಅನ್ನ ಮಾತ್ರ ಇರುವ ಪೊಟ್ಟಣ ಕೇಳಿ ತಗೊಳ್ಳಿ, ಕೆಲವರು ಒಣಮಾಂಸ ಸೇರಿಸಿರುತ್ತಾರೆ.

ಹೊಲದ ಅಂಚಿನಲ್ಲಿ ಸಾಲು ಸಾಲು ಮರದ ಪೆಟ್ಟಿಗೆ, ಪಕ್ಕದಲ್ಲಿ ಒಂದು ಟೆಂಟ್ ಕಾಣುತ್ತದೆ. ಅವರು ಆ ಊರಿನವರೇ ಆಗಿರಬೇಕು ಅಂತಿಲ್ಲ. ದೂರದ ಪ್ರಾಂತ್ಯಗಳಿಂದ ಜೇನುಪೆಟ್ಟಿಗೆಗಳನ್ನು ಲಾರಿಗೆ ಹೇರಿಕೊಂಡು ಬಂದವರು. ಇವರಿಗೆ 'ಹೂವು ಅಟ್ಟಿಕೊಂಡು ಹೋಗುವವರು' ಅನ್ನುವ ಅರ್ಥದ ಹೆಸರಿದೆ, ಗಾನ್‌ಹ್ವಾರೆನ್ ಅಂತ. ಫೆಬ್ರವರಿಯಲ್ಲಿ ಯುನ್ನಾನ್, ಮಾರ್ಚ್‌ನಲ್ಲಿ ಸಿಚುವಾನ್, ಆಮೇಲೆ ಶಾನ್‌ಶಿ ಕಡೆ, ಜುಲೈ ಹೊತ್ತಿಗೆ ಚಿಂಗ್‌ಹಾಯ್ ಪ್ರಸ್ಥಭೂಮಿ. ಹೂವು ಉತ್ತರಕ್ಕೆ ಹೋದ ಹಾಗೆ ಇವರೂ ಹೋಗುತ್ತಾರೆ. ಇಡೀ ಸಂಸಾರ ಟೆಂಟಿನಲ್ಲೇ. ಚೀನಾದ ಹೂವಿನ ಕಾಲ ತಿಳಿಯಬೇಕಾದರೆ ಇವರ ದಾರಿಗಿಂತ ಒಳ್ಳೆಯ ಲೆಕ್ಕ ಇಲ್ಲ. ಮೊದಲ ಜಾಗದಿಂದ ಕೊನೆಯ ಜಾಗಕ್ಕೆ ಹೂವು ಹೋಗೋಕೆ ಐದು ತಿಂಗಳು ಹಿಡಿಯುತ್ತದೆ. ನಿಮ್ಮ ಹತ್ತು ದಿನದಲ್ಲಿ ನಾಲ್ಕೂ ಊರು ಅರಳಿರೋದಕ್ಕೆ ಸಾಧ್ಯವೇ ಇಲ್ಲ, ಅಲ್ವಾ?

ಆದರೂ ಬೇರೆ ಊರುಗಳ ಹೆಸರು ಕೇಳಿರುತ್ತೀರಿ, ಸ್ವಲ್ಪ ಹೇಳುತ್ತೇನೆ. ಜಿಯಾಂಗ್‌ಶಿ ಪ್ರಾಂತ್ಯದ ವೂಯುವಾನ್‌ನಲ್ಲಿ ಮಾರ್ಚ್ ನಡುವಿನಿಂದ ಏಪ್ರಿಲ್ ಶುರುವಿನ ತನಕ ಹೂವು. ಬಿಳಿ ಗೋಡೆ, ಕಪ್ಪು ಹೆಂಚಿನ ಹಳೆಯ ಮನೆಗಳು, ಮೆಟ್ಟಿಲು ಹೊಲ. 2015ರಿಂದ ಹೈಸ್ಪೀಡ್ ರೈಲು ಬಂದಿದೆ, ಹೋಗೋದು ಸುಲಭ. ಅದರಿಂದಲೇ ಜನಜಂಗುಳಿಯೂ ವಿಪರೀತ. ಜಿಯಾಂಗ್ಸು ಪ್ರಾಂತ್ಯದ ಶಿಂಗ್‌ಹ್ವಾದಲ್ಲಿ ಏಪ್ರಿಲ್ ಶುರುವಿಗೆ. ಜೌಗು ನೆಲದಲ್ಲಿ ಕೆಸರು ಎತ್ತಿ ಹಾಕಿ ಮಾಡಿದ ದ್ವೀಪದಂಥ ಹೊಲಗಳು, ಸುತ್ತ ನೀರು, ದೋಣಿಯಲ್ಲಿ ಓಡಾಟ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಇದನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಮಂಡಿನೋವಿನವರಿಗೆ ದೋಣಿ ಒಳ್ಳೆಯದು. ನಿಮ್ಮ ರಜೆ ಏಪ್ರಿಲ್‌ಗೆ ಹೋದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಏಪ್ರಿಲ್ 5ರ ಸುಮಾರಿನ ಚಿಂಗ್‌ಮಿಂಗ್ ರಜೆ ಮಾತ್ರ ತಪ್ಪಿಸಿಕೊಳ್ಳಿ. ಹಿರಿಯರ ಸಮಾಧಿಗೆ ಹೋಗುವ ಹಬ್ಬ ಅದು, ಎಲ್ಲಾ ಕಡೆ ನೂಕುನುಗ್ಗಲು.

ಚಿಂಗ್‌ಹಾಯ್‌ನ ಮೆನ್‌ಯುವಾನ್ ಅರಳೋದು ಜುಲೈನಲ್ಲಿ. ಅಲ್ಲಿ ಚಳಿ ಎಷ್ಟು ಅಂದರೆ ಬಿತ್ತನೆಯೇ ವಸಂತದಲ್ಲಿ. ಹಳದಿ ಹೊಲದ ಹಿಂದೆ ಚಿಲಿಯಾನ್ ಪರ್ವತದ ಹಿಮ ಕಾಣುತ್ತದೆ. ಸುಮಾರು 2,900 ಮೀಟರ್ ಎತ್ತರ. ಬಿ.ಪಿ., ಉಸಿರಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೋಗಬಾರದು. ಚಿಂಗ್‌ಹಾಯ್, ಶಿನ್‌ಜಿಯಾಂಗ್ ಎರಡರಲ್ಲೂ ವಿದೇಶಿಯರಿಗೆ ಬಿಡದ ಕೆಲವು ಪ್ರದೇಶಗಳಿವೆ, ಮೊದಲೇ ವಿಚಾರಿಸಬೇಕು. ಟಿಬೆಟ್‌ನ ಲಿಂಝಿಯಲ್ಲಿ ಪೀಚ್ ಹೂವು ಅರಳೋದು ಮಾರ್ಚ್ ಕೊನೆಗೆ. ಅದಕ್ಕೆ ಪ್ರತ್ಯೇಕ ಅನುಮತಿ, ಜೊತೆಗೆ ಗೈಡ್ ಬೇಕು. ನಿಮ್ಮ ಮೊದಲ ಪ್ರಯಾಣಕ್ಕೆ ಅದು ಬೇಡ.

ಹತ್ತು ದಿನವನ್ನು ಹೀಗೆ ಹಂಚಿ. ಹೋಗಿ ಬರುವ ಎರಡು ದಿನ ಬಿಡಿ. ಲುವೊಪಿಂಗ್‌ನಲ್ಲಿ ನಾಲ್ಕು ರಾತ್ರಿ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ಸುಮಾರಿನಲ್ಲಿ ಗ್ವಿಝೌ ಪ್ರಾಂತ್ಯದ ಶಿಂಗ್ಯಿ. ಅಲ್ಲಿಯ ವಾನ್‌ಫೆಂಗ್‌ಲಿನ್‌ನಲ್ಲಿ, ಅಂದರೆ ಹತ್ತು ಸಾವಿರ ಶಿಖರಗಳ ಕಾಡಿನಲ್ಲಿ, ಇದೇ ಬೆಳೆ ಇದೇ ಹೊತ್ತಿಗೆ ಅರಳುತ್ತದೆ. ಗುಡ್ಡದ ಸೊಂಟದಲ್ಲಿ ರಸ್ತೆ ಇದೆ, ಬ್ಯಾಟರಿ ಗಾಡಿ ಓಡುತ್ತದೆ. ನಿಮ್ಮ ಅಕ್ಕ ಮೆಟ್ಟಿಲು ಹತ್ತದೆ ಮೇಲಿನ ನೋಟ ನೋಡಬಹುದು. ಅಲ್ಲಿ ಎರಡು ರಾತ್ರಿ ಸಾಕು. ಕೊನೆಗೆ ಕುನ್ಮಿಂಗ್‌ನಲ್ಲಿ ಎರಡು ದಿನ. ಮೋಡ ಹಠ ಹಿಡಿದು ಕೂತಿದೆ ಅಂತ ಗೊತ್ತಾದರೆ ಕುನ್ಮಿಂಗ್ ಮೊದಲು ಮಾಡಿ, ಲುವೊಪಿಂಗ್ ಆಮೇಲೆ ಇಟ್ಟುಕೊಳ್ಳಿ. ಬದಲಾಯಿಸಬಹುದಾದ ಹೋಟೆಲ್ ಬುಕಿಂಗ್ ಮಾಡೋದು ಇದಕ್ಕೇ. 1985ರ ಚಳಿಗಾಲದಿಂದ ಸೈಬೀರಿಯಾ ಕಡೆಯ ಕೆಂಪು ಕೊಕ್ಕಿನ ಕಡಲಕ್ಕಿಗಳು ಪ್ರತಿ ವರ್ಷ ಕುನ್ಮಿಂಗ್‌ನ ಕೆರೆಗಳಿಗೆ ಬರುತ್ತವೆ, ಮಾರ್ಚ್ ತನಕ ಇರುತ್ತವೆ. ಕೆರೆ ದಡದಲ್ಲಿ ಬಿಸಿಲು ಕಾಯಿಸಿಕೊಂಡು ಕೂತರೆ ಒಂದು ದಿನ ಕಳೆದದ್ದೇ ಗೊತ್ತಾಗೋದಿಲ್ಲ.

ಹೋಗುವ ದಾರಿ: ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಹತ್ತು ದಿನದ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯದ ಪಟ್ಟಿಯಲ್ಲಿ ಭಾರತ ಇಲ್ಲ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾದವು. ಆದರೂ ಬೆಂಗಳೂರಿನಿಂದ ಹೊರಡುವ ನಿಮಗೆ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಕುನ್ಮಿಂಗ್‌ಗೆ ಇಳಿಯೋದು ಸುಲಭ. ಕುನ್ಮಿಂಗ್‌ನಿಂದ ಬಸ್ ಅಥವಾ ಕಾರಿನಲ್ಲಿ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಲುವೊಪಿಂಗ್‌ನ ಮೇಲೆ ಹಾದುಹೋಗೋದು 1997ರಲ್ಲಿ ಆದ ಹಳೆಯ ಮಾರ್ಗ, ಬುಲೆಟ್ ರೈಲು ಅದರಲ್ಲಿ ಬರೋದಿಲ್ಲ. ರೈಲಿನ ವೇಳೆ ಹೊಂದಿದರೆ ಸರಿ, ಇಲ್ಲದಿದ್ದರೆ ನಿಮ್ಮಿಬ್ಬರಿಗೆ ಕಾರೇ ಮೇಲು. ರೈಲು ಟಿಕೆಟ್ 12306 ಅನ್ನುವ ಸರಕಾರಿ ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ಹಾಕಿ ತಗೊಳ್ಳಬಹುದು, ಹದಿನೈದು ದಿನ ಮುಂಚೆ ತೆರೆಯುತ್ತದೆ. ಪವರ್‌ಬ್ಯಾಂಕ್ ವಿಷಯ ಮರೆಯಬೇಡಿ. 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ 3ಸಿ ಅನ್ನುವ ಅವರ ಸುರಕ್ಷತೆಯ ಗುರುತು ಇಲ್ಲದ ಪವರ್‌ಬ್ಯಾಂಕ್ ಬಿಡೋದಿಲ್ಲ.

ಹಳ್ಳಿಯ ಹೋಮ್‌ಸ್ಟೇ ಚೆಂದ, ಆದರೆ ನಿಮಗೆ ನಾನು ಲುವೊಪಿಂಗ್ ಪಟ್ಟಣದ ಹೋಟೆಲ್ಲೇ ಹೇಳುತ್ತೇನೆ. ಹಳ್ಳಿಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವೇ ಜಾಸ್ತಿ, ಮಂಡಿನೋವಿಗೆ ಅದು ಶಿಕ್ಷೆ. ಇನ್ನೊಂದು ಕಾರಣವೂ ಇದೆ. ವಿದೇಶಿಯರು ಎಲ್ಲಿ ಉಳಿದರೂ 24 ಗಂಟೆಯೊಳಗೆ ಪೊಲೀಸರಲ್ಲಿ ದಾಖಲಾಗಬೇಕು. ಹೋಟೆಲ್‌ನವರು ಪಾಸ್‌ಪೋರ್ಟ್ ನೋಡಿ ಅವರೇ ಮಾಡುತ್ತಾರೆ. ಮನೆಯಲ್ಲಿ ಉಳಿದರೆ ನಾವೇ ಠಾಣೆಗೆ ಹೋಗಬೇಕು. ಒಂದು ಸಲ ನಾನು ಉಳಿದಿದ್ದ ಮನೆಯವರಿಗೆ ಈ ನಿಯಮವೇ ಗೊತ್ತಿರಲಿಲ್ಲ. ಠಾಣೆಯವರು ಮರ್ಯಾದೆಯಿಂದಲೇ ನಡೆಸಿಕೊಂಡರು, ಆದರೆ ಬಿಸಿಲಿದ್ದ ಒಂದು ಬೆಳಗು ಪೂರ್ತಿ ಅಲ್ಲೇ ಹೋಯಿತು. ಬುಕ್ ಮಾಡುವ ಮುಂಚೆ 'ವಿದೇಶಿ ಪಾಸ್‌ಪೋರ್ಟ್ ತಗೋತೀರಾ' ಅಂತ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ. ರೂಮಿನಲ್ಲಿ ಬೆಚ್ಚಗಿನ ವ್ಯವಸ್ಥೆ ಇದೆಯಾ ಅಂತಲೂ ಕೇಳಿ. ಬಹಳ ಕಡೆ ಹಾಸಿಗೆಯ ಮೇಲೆ ಕರೆಂಟಿನ ಕಂಬಳಿ ಮಾತ್ರ ಇರುತ್ತದೆ.

ದುಡ್ಡು ಅಲ್ಲಿ ಫೋನಿನಲ್ಲೇ. ಶುಂಠಿ ಮಾರುವ ಅಜ್ಜಿಯ ಹತ್ತಿರವೂ ಕ್ಯೂಆರ್ ಕೋಡ್ ಇರುತ್ತದೆ. ಅಲಿಪೇ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ತೋರಿಸಿ, ಅಂತಾರಾಷ್ಟ್ರೀಯ ಬಳಕೆ ಚಾಲೂ ಇರುವ ಕಾರ್ಡನ್ನು ಮೈಸೂರಿನಲ್ಲೇ ಜೋಡಿಸಿಕೊಳ್ಳಿ. ಬ್ಯಾಂಕಿನ ಒಟಿಪಿ ಬರಬೇಕಾದ್ದರಿಂದ ನಿಮ್ಮ ಸಿಮ್‌ಗೆ ರೋಮಿಂಗ್ ಇರಲಿ. ನಮ್ಮ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ವಾಟ್ಸ್ಆ್ಯಪ್, ಗೂಗಲ್ ಕೆಲಸ ಮಾಡುತ್ತವೆ. ಹೋಟೆಲ್ ವೈಫೈಯಲ್ಲಿ ಮಾಡೋದಿಲ್ಲ. ಗೂಗಲ್ ನಕ್ಷೆಯನ್ನು ಮಾತ್ರ ನಂಬಬೇಡಿ, ಅಲ್ಲಿ ಗುರುತು ಜರುಗಿರುತ್ತದೆ. ಆ್ಯಮ್ಯಾಪ್ ಅನ್ನುವ ಚೀನೀ ನಕ್ಷೆಯ ಆ್ಯಪ್ ಬಳಸಿ. ಸ್ವಲ್ಪ ನಗದೂ ಇರಲಿ. 2025ರಲ್ಲಿ ಒಂದು ಯುವಾನ್ ಅಂದರೆ ಸುಮಾರು 12 ರೂಪಾಯಿ ಇತ್ತು.

ಊಟ: ನಿಮಗೆ ನಿಜವಾದ ಕಷ್ಟ ಇಲ್ಲೇ. ಆದರೆ ಉಪಾಯ ಇದೆ. 'ಸಸ್ಯಾಹಾರಿ' ಅಂದರೆ ಸಾಲದು. ತರಕಾರಿ ಪಲ್ಯಕ್ಕೇ ಹಂದಿಯ ಕೊಬ್ಬು, ಚಿಟಿಕೆ ಕೊಚ್ಚಿದ ಮಾಂಸ, ಕೋಳಿ ಸಾರು ಬಿದ್ದಿರುತ್ತದೆ. ಒಂದು ಚೀಟಿಯಲ್ಲಿ ಚೀನೀ ಲಿಪಿಯಲ್ಲಿ ಹೀಗೆ ಬರೆಸಿಕೊಳ್ಳಿ: ಮಾಂಸ, ಮೀನು, ಕೋಳಿ, ಮಾಂಸದ ಸಾರು, ಹಂದಿ ಕೊಬ್ಬು ಯಾವುದೂ ಬೇಡ, ಯೋವ್‌ತ್ಸಾಯ್ ಎಣ್ಣೆಯಲ್ಲೇ ಮಾಡಿಕೊಡಿ. ಆ ಎಣ್ಣೆ ಅವರ ಅಡುಗೆಮನೆಯದ್ದೇ, ಹೇಳಿದರೆ ಖುಷಿಯಾಗಿ ಮಾಡುತ್ತಾರೆ. ಮೊಟ್ಟೆ ತಿನ್ನದಿದ್ದರೆ ಅದನ್ನೂ ಬರೆಸಿ. ಅಡುಗೆಯವರ ಹತ್ತಿರ ಹೋಗಿ ತೋಫು, ಆಲೂಗೆಡ್ಡೆ, ಸೊಪ್ಪು ಬೆರಳಿಟ್ಟು ತೋರಿಸಿ. ಬಾಡಿಸಿದ ಯೋವ್‌ತ್ಸಾಯ್ ದಂಟು ಬಿಸಿ ಅನ್ನದ ಜೊತೆ ತುಂಬ ರುಚಿ. ಕುನ್ಮಿಂಗ್‌ನಲ್ಲಿ ಯುವಾನ್‌ತೊಂಗ್ ಬೌದ್ಧ ದೇವಸ್ಥಾನದ ಹತ್ತಿರ ಪೂರ್ತಿ ಸಸ್ಯಾಹಾರದ ಊಟ ಸಿಗುತ್ತದೆ, ಆ ದಿನ ಹೊಟ್ಟೆ ತುಂಬ ತಿನ್ನಿ. ಚಟ್ನಿಪುಡಿ, ಅವಲಕ್ಕಿ ಹೇಗೂ ಒಯ್ಯುತ್ತೀರಿ, ಹೇಳಬೇಕಿಲ್ಲ.

ಹೊಲಕ್ಕೆ ಇಳಿಯುವಾಗ ನೀವು ಗುಂಡ್ಲುಪೇಟೆಯಲ್ಲಿ ನೋಡಿರುವುದೇ ಇಲ್ಲೂ. ಫೋಟೊಗಾಗಿ ಸಾಲಿನ ನಡುವೆ ನುಗ್ಗಿದರೆ ದಂಟು ಮುರಿಯುತ್ತದೆ. ಈ ಗಿಡದ ದಂಟು ಒಳಗೆ ಮೆತ್ತಗೆ, ಒಮ್ಮೆ ಬಾಗಿ ಮುರಿದರೆ ಮತ್ತೆ ಏಳೋದಿಲ್ಲ. ಆ ಹೂವಿನ ಕಾಳು ಅವರ ಒಂದು ವರ್ಷದ ಅಡುಗೆ ಎಣ್ಣೆ. ಬದುವಿನ ಮೇಲೆ ಮಾತ್ರ ನಡೆಯಿರಿ. ಕೆಲವು ಕಡೆ ಹೊಲದವರು ಐದೋ ಹತ್ತೋ ಯುವಾನ್ ಕೇಳುತ್ತಾರೆ. ಚೌಕಾಸಿ ಮಾಡದೆ ಕೊಟ್ಟುಬಿಡಿ. ಜೇನುಪೆಟ್ಟಿಗೆಯ ಮುಂದೆ, ಅಂದರೆ ಹುಳುಗಳು ಹಾರಿ ಬಂದು ಇಳಿಯುವ ಕಡೆ ನಿಲ್ಲಬೇಡಿ. ಹಿಂದಿನಿಂದ ಹೋದರೆ ಏನೂ ಮಾಡೋದಿಲ್ಲ.

ಅಲ್ಲಿ ಜೇನು ಕೊಂಡರೆ ಒಂದು ಮಾತು ನೆನಪಿರಲಿ. ಈ ಹೂವಿನ ಜೇನಿನಲ್ಲಿ ಗ್ಲೂಕೋಸ್ ಜಾಸ್ತಿ, ಹಾಗಾಗಿ ಕೆಲವೇ ವಾರಗಳಲ್ಲಿ ಬೆಳ್ಳಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಮೈಸೂರಿಗೆ ಬಂದ ಮೇಲೆ ಅದನ್ನು ನೋಡಿ ಸಕ್ಕರೆ ಬೆರೆಸಿದ್ದಾರೆ ಅಂತ ಎಸೆಯಬೇಡಿ. ಈ ಜೇನಿನ ಸ್ವಭಾವವೇ ಅದು. ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಆ ಸ್ವೆಟರ್‌ಗಳ ಒಳಗೆ ಇಡಿ. ಕೈಚೀಲದಲ್ಲಿ ಬಿಡೋದಿಲ್ಲ.